ಅಂಚು ಮಡಚುವವರು

ವೂಚ್ ನಗರದ ಬಟ್ಟೆ ಗಿರಣಿಗಳು ಮುಚ್ಚಿ ಮೂವತ್ತು ವರ್ಷ.
ಚಿಮಣಿಯೊಂದೇ ಉಳಿದ ಬೀದಿಯ ಗ್ರಂಥಾಲಯದಲ್ಲಿ
ನನ್ನದು ಹರಿದ ಪುಸ್ತಕ ಹೊಲಿಯುವ ಕೆಲಸ:
ಗೋಂದು, ಮೇಣ ಸವರಿದ ನೂಲು, ಮೂಳೆಯ ಪಟ್ಟಿ,
ನೆಗಡಿಗೆಂದು ಖಾನೆಯಲ್ಲಿ ಒಂದು ಬೆಳ್ಳುಳ್ಳಿ.

ಈ ಕಾದಂಬರಿ ಮೇಜಿಗೆ ಬಂದದ್ದು ಇದು ನಾಲ್ಕನೇ ಸಲ.
ಮುಖಪುಟದಲ್ಲಿ ರೂಪದರ್ಶಿ ಇವೆತಾ,
ಕೊಕ್ಕರೆ ಕತ್ತು, ಯಾರನ್ನೂ ನೋಡದ ಕಣ್ಣು.
ಅವಳ ಪುಟಗಳೆಲ್ಲ ಇಸ್ತ್ರಿ ಹಾಕಿದ ಹಾಗೇ ಇವೆ.
ಪ್ಯಾರಿಸ್ಸಿನ ವೇದಿಕೆ, ವಿಹಾರದ ಹಡಗು,
ವಜ್ರ ತೊಡಿಸಿದ ಮುದಿ ಕುಬೇರ,
ಎಲ್ಲೂ ಒಂದು ಬೆರಳಿನ ಗುರುತಿಲ್ಲ.

ಹರಿದದ್ದು ಬೇರೆ ಕಡೆ.

ನೂರ ಹದಿನೇಳನೆಯ ಪುಟ ನೋಡಿ:
ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು
ಇವೆತಾಳ ಕಾಲ ಬಳಿ ಮಂಡಿಯೂರಿದ ಓಡೆಟ್.
ಇಡೀ ಕಥೆಯಲ್ಲಿ ಅವಳಿಗೆ ಒಂದೇ ಮಾತು:
"ಉಸಿರು ಹಿಡಿ."
ಆ ಪುಟದ ಅಂಚು ಎಷ್ಟು ಸಲ ಮಡಚಿದ್ದಾರೆಂದರೆ
ಮೂಲೆಯೇ ಉದುರಿದೆ.

ಗುರುವಾರ ಬರುತ್ತಾರೆ ಏಳೆಂಟು ಜನ, ಹಳೆಯ ಗಿರಣಿಯವರು,
ಮಗ್ಗದ ಸದ್ದಿಗೆ ಕಿವಿ ಕೊಟ್ಟು
ಕಿವಿಯನ್ನೇ ಕಳೆದುಕೊಂಡವರು;
ಗ್ರಂಥಾಲಯದಲ್ಲೂ ಕೂಗಿಯೇ ಮಾತು.
"ಓಡೆಟ್ ಸೂಜಿ ನುಂಗಿಬಿಟ್ಟರೆ ಏನು ಗತಿ?"
ನಿನ್ನೆ ಪಕ್ಕದ ಮನೆಯಲ್ಲಿ ನಡೆದದ್ದರಂತೆ ಬೊಗುಮಿವಾ ಕೇಳುತ್ತಾಳೆ.
"ನುಂಗಲ್ಲ. ಹನ್ನೊಂದು ವರ್ಷ ನಾನೂ ಕಚ್ಚಿದ್ದೆ.
ಮೇಸ್ತ್ರಿಗೆ ಹೇಳಬೇಕೆಂದಿದ್ದ ಮಾತು ನುಂಗುವುದೇ ಕಷ್ಟ."
ಇದು ಗೆನೊವೇಫಾ.

ಎರಡು ಸಲ ಮದುವೆಯಾದ ತೆಕ್ಲಾಳಿಗೆ ಕಾರಿನ ಚಾಲಕ ಅರ್ಮೆನ್ ಇಷ್ಟ.
ಹಿಂದಿನ ಸೀಟಿನಲ್ಲಿ ಇವೆತಾ ಅಳತೊಡಗಿದಾಗ
ಮಾತಿಲ್ಲದೆ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದವನು.
"ಅಂಥ ಗಂಡಸು ಕಾಗದದ ಮೇಲಷ್ಟೇ ಹುಟ್ಟುತ್ತಾನೆ" ಎಂದು
ಕನ್ನಡಕ ಒರೆಸಿಕೊಳ್ಳುತ್ತಾಳೆ, ಕೊಳೆಯಿಲ್ಲದಿದ್ದರೂ.

ಇನ್ನು ರಾದ್ಕಾ. ಸೊಂಟ ಎರಡು ಬೆರಳು ಹೆಚ್ಚಾಯಿತೆಂದು
ಕೆಲಸ ಹೋದ ರಾತ್ರಿ, ಬಚ್ಚಲ ತೊಟ್ಟಿಯ ಅಂಚಿಗೆ ಕೂತು
ಈರುಳ್ಳಿ ಹಾಕಿದ ರೊಟ್ಟಿ ತಿನ್ನುವವಳು.
ಆ ಪುಟಗಳ ಸಂದಿಯಲ್ಲಿ ನಿಜವಾದ ರೊಟ್ಟಿಯ ಚೂರು.
ಪ್ರತಿ ಸಲ ಬ್ರಶ್ಶಿನಲ್ಲಿ ಗುಡಿಸುತ್ತೇನೆ.
ಒಬ್ಬಳೇ ತಿನ್ನಬಾರದೆಂದು
ಯಾರೋ ಜೊತೆಗೆ ಕೂತಿರಬೇಕು.

ಪೋಷಕ ಪಾತ್ರ ಅನ್ನುತ್ತಾರೆ ಇವರಿಗೆ.
ಯಾರು ಯಾರನ್ನು ಪೋಷಿಸಿದರೋ,
ಹೊಲಿಯುವವರಿಗೆ ಅದೆಲ್ಲ ತಿಳಿಯದು.

ಒಂದು ಮಾತ್ರ ಹೇಳಲೇಬೇಕು.
ಕೊನೆಯ ಅಧ್ಯಾಯದಲ್ಲಿ, ಪ್ರದರ್ಶನ ಮುಗಿದ ಮೇಲೆ,
ದೀಪ ಆರಿಸುವವನೊಬ್ಬ ಬರುತ್ತಾನೆ.
ಅವನಿಗೆ ಅರ್ಧ ಸಾಲು. ಹೆಸರೂ ಇಲ್ಲ.
ಆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಯಾರೋ ಬರೆದಿದ್ದರು:
'ಇವನು ಯುಲಿಯಾನ್.'
ಅಳಿಸಿದೆ. ನಿಯಮ ಅಂದರೆ ನಿಯಮ.
ಮತ್ತೆ ಬಂತು, ಮತ್ತೆ ಅಳಿಸಿದೆ.
ಬಣ್ಣದ ಕಡಾಯಿಯಲ್ಲಿ ಕೈ ಅದ್ದಿ ಅದ್ದಿ
ಉಗುರು ಇವತ್ತಿಗೂ ನೀಲಿ ಇರುವ ಜೆನೊನ್,
ಗುರುವಾರದ ಗುಂಪಿನ ಒಬ್ಬನೇ ಗಂಡಸು,
ಬಾಯಿ ಬಿಟ್ಟು ಏನೂ ಹೇಳದವನು,
ಅವನದೇ ಅಕ್ಷರ ಎಂದು ನನಗೆ ಗೊತ್ತಿತ್ತು.
ಯುಲಿಯಾನ್ ಯಾರು ಎಂದು ಕೇಳಲಿಲ್ಲ.

ವಸಂತದಿಂದ ಜೆನೊನ್ ಆಸ್ಪತ್ರೆಯಲ್ಲಿದ್ದಾನೆ.
ಪುಸ್ತಕ ಬಿಚ್ಚಿ ನೋಡಿದರೆ
ಅದೇ ಜಾಗದಲ್ಲಿ ಅದೇ ಹೆಸರು,
ಬೇರೆ ಕೈ, ಸೊಟ್ಟ ಅಕ್ಷರ.
ಈ ಸಲ ಶಾಯಿ.

ರಬ್ಬರನ್ನು ಖಾನೆಗೆ ಹಾಕಿ, ಬೆಳ್ಳುಳ್ಳಿಯ ಪಕ್ಕ,
ನೂಲು ಪೋಣಿಸಿದೆ. ಒಂದೊಂದೇ ಮಡಿಕೆ ಕೂಡಿಸಿ
ಬೆನ್ನು ಕಟ್ಟಿದೆ. ಮೂಲೆ ಉದುರಿದ ಕಡೆ
ತೆಳು ಕಾಗದದ ತೇಪೆ, ಮತ್ತೆ ಮಡಚಲು ಬರುವಂತೆ.

ಮುಖಪುಟದವಳನ್ನು ಕೊನೆಗೆ ಅಂಟಿಸಿದೆ,
ಭಾರಕ್ಕೆ ಮೇಲೊಂದು ನಿಘಂಟು ಇಟ್ಟು.
ಪಾಪ, ಅವಳನ್ನೂ ಬಿಡುವಂತಿಲ್ಲ.
ಎಷ್ಟಾದರೂ ಅವಳು ಉಸಿರು ಹಿಡಿದು ನಿಲ್ಲದಿದ್ದರೆ
ಓಡೆಟ್ ಯಾರ ಅಂಚು ಮಡಚಬೇಕು?